ಗೊತ್ತಲ್ಲ ಎಂದು ಕೇಳುವ ಲಾಯ

ಬಹಳ ಹಿಂದೆ, ಕುದುರೆಗಳಿಗೆ ಇನ್ನೂ ರೆಕ್ಕೆಯಿದ್ದ ಕಾಲದಲ್ಲಿ, ಬೆಳ್ಳಿಕೋಟೆ ಎಂಬ ರಾಜ್ಯವಿತ್ತು. ಅಲ್ಲಿನ ಅರಮನೆಯ ಲಾಯಕ್ಕೆ ಮಾಳವ್ವ ಎಂಬ ಹುಡುಗಿ ಕೆಲಸಕ್ಕೆ ಸೇರಿದಳು. ಲಾಯದ ಒಡೆಯ ಧೂಮಾಕ್ಷ ಮಾಂತ್ರಿಕನಾಗಿದ್ದ. ಲಾಯದಲ್ಲಿದ್ದದ್ದು ಒಂದೇ ಕುದುರೆ. ಅಂಗಳದ ತುಂಬ ಮಾತ್ರ ಕಲ್ಲಿನ ಆಳುಗಳು. ಒಬ್ಬನ ಕೈಯಲ್ಲಿ ಪೊರಕೆ, ಇನ್ನೊಬ್ಬನ ಕೈಯಲ್ಲಿ ಕೊಡ, ಎಲ್ಲರ ತಲೆಯೂ ಮುಂದಕ್ಕೆ ಬಾಗಿತ್ತು. ಅಂದಕ್ಕೆ ಇಟ್ಟಿರಬೇಕು ಎಂದುಕೊಂಡಳು ಮಾಳವ್ವ. ಪಾಪ, ಹೊಸಬಳು.

"ಕುದುರೆಗೆ ಕೆಂಡ ತಿನ್ನಿಸು. ಹೇಗೆ ಅಂತ ಗೊತ್ತಲ್ಲ?" ಎಂದ ಧೂಮಾಕ್ಷ.

ಅವಳಿಗೆ ಏನೂ ಗೊತ್ತಿರಲಿಲ್ಲ. ಆದರೆ ಮೊದಲ ದಿನವೇ ಹಾಗೆಂದರೆ ಮನೆಗೆ ಕಳಿಸಿಬಿಟ್ಟರೆ? "ಗೊತ್ತು ಒಡೆಯಾ" ಎಂದು ತಲೆಯಾಡಿಸಿದಳು. ಆ ಕ್ಷಣವೇ ಅವಳ ಪಾದಗಳು ಕಲ್ಲಾದವು. ಕೆಂಡ ಹಿಡಿಯಲು ಹೋಗಿ ಬೆರಳೂ ಸುಟ್ಟಿತು.

ಮರುದಿನ, "ರೆಕ್ಕೆ ತೊಳಿ. ಗೊತ್ತಲ್ಲ?" ಎಂದ.

"ಗೊತ್ತು ಒಡೆಯಾ."

ಮೊಣಕಾಲಿನವರೆಗೆ ಕಲ್ಲಾಯಿತು. ಮಾಳವ್ವ ಅದನ್ನು ಲಂಗದಡಿ ಮುಚ್ಚಿಕೊಂಡು, ಕಾಲೆಳೆಯುತ್ತ ನೀರು ಹೊತ್ತಳು. ಕಲ್ಲಾಗುತ್ತಿದ್ದೇನೆ ಎಂದು ಹೇಳುವುದಕ್ಕೂ ಅವಳಿಗೆ ಭಯ!

ಮೂರನೆಯ ದಿನ ಅರಸನೇ ಬಂದು ನಿಂತ. "ಇವತ್ತು ಕುದುರೆ ಹಾರಿಸು. ಗೊತ್ತಲ್ಲ?" ಎಂದ ಧೂಮಾಕ್ಷ.

ಗೊತ್ತು ಎಂಬ ಮಾತು ಮಾಳವ್ವನ ನಾಲಿಗೆಯ ತುದಿಗೆ ಬಂತು. ಅಷ್ಟರಲ್ಲಿ ಕಲ್ಲಿನ ಆಳುಗಳತ್ತ ಕಣ್ಣು ಹೋಯಿತು. ಬಾಗಿದ್ದ ಆ ತಲೆಗಳು ಅರ್ಧ ಆಡಿ ನಿಂತ ತಲೆಗಳು. ಎಲ್ಲರೂ ತನ್ನ ಹಾಗೆಯೇ ಗೊತ್ತು ಎಂದವರು.

ಅವಳು ಅತ್ತೇಬಿಟ್ಟಳು. "ಗೊತ್ತಿಲ್ಲ ಒಡೆಯಾ. ಹೇಳಿಕೊಡಿ."

ಆ ಲಾಯದಲ್ಲಿ ಯಾರೂ ಆಡದಿದ್ದ ಮಾತು ಅದು. ಧೂಮಾಕ್ಷನ ಮುಖ ಬಿಳಿಚಿತು.

"ಹೇಳಿಕೊಡಯ್ಯಾ, ನಿನಗೆ ಗೊತ್ತಲ್ಲ?" ಎಂದ ಅರಸ.

ಧೂಮಾಕ್ಷನಿಗೆ ಎಂದೂ ಗೊತ್ತಿರಲಿಲ್ಲ. ಅದು ಹೊರಬೀಳದಿರಲೆಂದೇ ಅವನು, ಗೊತ್ತಿಲ್ಲದೆ ಗೊತ್ತು ಎಂದವರು ಕಲ್ಲಾಗುವ ಆ ಮಾಟ ಹೂಡಿದ್ದು. "ಗೊತ್ತು ಮಹಾಪ್ರಭೂ" ಎಂದು ತಲೆಯಾಡಿಸಿದ. ತನ್ನದೇ ಮಾಟ ತಿರುಗಿಬಿದ್ದು, ಅಡಿಯಿಂದ ಮುಡಿಯವರೆಗೆ ಒಮ್ಮೆಲೇ ಕಲ್ಲಾಗಿಹೋದ.

ಮಾಟ ಮುರಿಯಿತು. ಆಳುಗಳು ಮೈಮುರಿದು ಎದ್ದರು. ಮಾಳವ್ವನ ಕಾಲು ಹಗುರಾಯಿತು. ಅವಳು ಕುದುರೆಯ ಹತ್ತಿರ ಹೋಗಿ, "ನಿನ್ನನ್ನು ಹೇಗೆ ಹಾರಿಸೋದಪ್ಪಾ?" ಎಂದು ಕೇಳಿದಳು.

"ಕಾಲಿನ ಹಗ್ಗ ಬಿಚ್ಚು ತಾಯಿ, ಅಷ್ಟೇ. ಇಷ್ಟು ವರ್ಷ ಯಾರೂ ಕೇಳಲೇ ಇಲ್ಲ" ಎಂದಿತು ಕುದುರೆ.

ಅರಸ ಮಾಳವ್ವನನ್ನೇ ಲಾಯಕ್ಕೆ ಒಡತಿ ಮಾಡಿದ. ಮೊದಲ ದಿನವೇ ಹೊಸದಾಗಿ ಸೇರಿದವನೊಬ್ಬ ಒಳಗೆ ಬರಲು ಹೆದರಿ ಬಾಗಿಲಲ್ಲೇ ನಿಂತಿದ್ದ.

"ಬಾರಪ್ಪಾ, ನಿನಗೇನೇನು ಗೊತ್ತಿಲ್ಲ ಹೇಳು, ಅಲ್ಲಿಂದಲೇ ಶುರು ಮಾಡೋಣ" ಎಂದಳು ಮಾಳವ್ವ. ಅಂದಿನಿಂದ ಬೆಳ್ಳಿಕೋಟೆಯಲ್ಲಿ ಕೆಲಸಕ್ಕೆ ಬಂದ ಯಾರೂ ಕಲ್ಲಾಗಲಿಲ್ಲ.