ಸಿಪ್ಪೆ ಗೋಡೆಯ ಮನೆ

“ಅಜ್ಜೀ, ಎದ್ದೇಳು! ಗೋಡೆ ಮೇಲೆ ಕೂತಿದ್ದೀಯ!” ಎಂದು ಉಜ್ವಲ್ ಕೂಗಿದ.

“ಕೂತ್ರೆ ಏನಾಯ್ತದೆ? ಇನ್ನೂ ಕಟ್ಟೇ ಇಲ್ವಲ್ಲ,” ಎಂದು ಗುರುಶಾಂತಮ್ಮ ಎದ್ದು, ಒಂದು ತೆಂಗಿನ ಸಿಪ್ಪೆಯನ್ನು ಕಾಲಲ್ಲೇ ಸರಿಸಿದರು. ಅಷ್ಟಕ್ಕೆ ಅಡುಗೆಮನೆ ಅರ್ಧ ಅಡಿ ದೊಡ್ಡದಾಯಿತು.

ಮಾಯಸಂದ್ರದ ಹತ್ತಿರ, ತೋಟದ ಪಕ್ಕದಲ್ಲೇ ಉಜ್ವಲ್‌ನ ಹೊಸ ಮನೆ ಏಳಬೇಕಿತ್ತು. ಪೇಪರಿನ ಪ್ಲಾನ್ ಮನೆಯಲ್ಲಿ ಯಾರಿಗೂ ಅರ್ಥವಾಗಲಿಲ್ಲ. ಅದಕ್ಕೇ ಅಪ್ಪ ಬಸವಕುಮಾರ್ ಸುಲಿದ ಕಾಯಿಯ ಸಿಪ್ಪೆಗಳನ್ನು ನೆಲದ ಮೇಲೆ ಸಾಲಾಗಿಟ್ಟು ಮನೆ ಮಾಡಿದ್ದರು. ಅದೇ ತಪ್ಪಾಯಿತು. ಸಿಪ್ಪೆ ಸರಿಸುವುದು ಯಾರಿಗೆ ಕಷ್ಟ? ಅಪ್ಪ ಫೋನಿನಲ್ಲಿ ಮಾತಾಡುತ್ತಾ ಆಚೆ ಹೋದರೆ ಹಾಲ್ ಕುಗ್ಗುತ್ತಿತ್ತು. ಅಮ್ಮ ನೀರು ಕುಡಿದು ಬರುವಷ್ಟರಲ್ಲಿ ದೇವರಮನೆ ಬೆಳೆದಿರುತ್ತಿತ್ತು. ಮೇಸ್ತ್ರಿ ಕರೀಂ ಸಾಬ್ ಮಾತ್ರ, “ನಾಡಿದ್ದು ಪಾಯ ತೋಡ್ತೀನಿ. ಅಷ್ಟರೊಳಗೆ ಜಗಳ ಮುಗಿಸ್ಕೊಳ್ರಪ್ಪ,” ಎಂದು ಟೀ ಕುಡಿಯುತ್ತಿದ್ದರು.

ಉಜ್ವಲ್‌ಗೆ ಮೂಲೆಯ ರೂಮು ಸಿಕ್ಕಿತ್ತು, ರಸ್ತೆ ಕಡೆ ಕಿಟಕಿಯೂ ಇತ್ತು. ಅಜ್ಜಿಯ ಕೋಣೆ ಇನ್ನೊಂದು ತುದಿಗೆ. ಅದೆಲ್ಲ ಸರಿ. ಆದರೆ ಅವನ ಕಣ್ಣೆಲ್ಲ ಕಕ್ಕಸಿನ ಮೇಲೆ. ಈಗಿನ ಮನೆಯ ಹಾಗೇ ಅಜ್ಜಿ ಅದನ್ನು ಹಿತ್ತಲಾಚೆ, ತೆಂಗಿನ ಮರಗಳ ಕೆಳಗೆ ಇಡಿಸಿದ್ದರು. ಇವನು ಒಳಗೆ ತಂದಿಟ್ಟಾಗಲೆಲ್ಲ ಅವರು ಸಿಪ್ಪೆಗಳನ್ನು ಎತ್ತಿ ಆಚೆ ಎಸೆಯುತ್ತಿದ್ದರು.

“ಅನ್ನ ಬೇಯೋ ಸೂರಿನಡಿ ಕಕ್ಕಸಾ? ಶಿವಶಿವಾ!”

“ಎಲ್ಲರ ಮನೇಲೂ ಒಳಗೇ ಇರೋದು ಅಜ್ಜಿ! ಹೈಜೀನ್ ಅಂತ ಮಿಸ್ಸೂ ಹೇಳಿದ್ದಾರೆ!”

“ಯಾಕ್ಲಾ ಇಷ್ಟು ಹಟ?” ಅಪ್ಪ ಕೇಳಿದರು. “ರೂಮು ಬೇಕು ಅಂತಾನೂ ನೀನು ಇಷ್ಟು ಕುಣೀಲಿಲ್ಲ.”

ಉಜ್ವಲ್ ಒಂದು ಸಿಪ್ಪೆಯ ನಾರು ಕೀಳತೊಡಗಿದ. ನಿಜವಾದ ಕಾರಣ ಗೊತ್ತಿದ್ದದ್ದು ಅಜ್ಜಿಗೆ ಮಾತ್ರ. ರಾತ್ರಿ ಹಿತ್ತಲಲ್ಲಿ ಒಣಗರಿ ದೊಪ್ಪೆಂದು ಬಿದ್ದರೆ ಅವನ ಜೀವ ಬಾಯಿಗೆ ಬರುತ್ತಿತ್ತು. ಅದಕ್ಕೇ ಅಜ್ಜಿಯನ್ನು ಎಬ್ಬಿಸುತ್ತಿದ್ದ. ಅವರು ಟಾರ್ಚ್ ಹಿಡಿದು ಬಾಗಿಲ ಹೊರಗೆ ನಿಲ್ಲಬೇಕು. “ಅಜ್ಜೀ, ಇದ್ದೀಯಾ?” ಎಂದು ಕೇಳಿದಾಗಲೆಲ್ಲ, “ಇದ್ದೀನಿ ಕಣ್ಲಾ, ಬ್ಯಾಗ ಬಾ,” ಎನ್ನಬೇಕು.

ಇದನ್ನು ಕರೀಂ ಸಾಬ್ ಮುಂದೆ ಹೇಳುವುದುಂಟೇ? ಅವರ ಮೊಮ್ಮಗ ಅರ್ಮಾನ್ ಉಜ್ವಲ್‌ನ ಬೆಂಚಿನಲ್ಲೇ ಕೂರುವವನು. ಅರ್ಮಾನ್‌ಗೆ ಗೊತ್ತಾದರೆ ಐದನೇ ಕ್ಲಾಸಿಗೆಲ್ಲ ಗೊತ್ತಾದಂತೆಯೇ!

“ಹೇಳ್ಲಾ,” ಅಪ್ಪ ಬಿಡಲಿಲ್ಲ.

ಅಜ್ಜಿ ಮೊಮ್ಮಗನ ಮುಖವನ್ನೇ ನೋಡಿದರು. ಬಾಯಿ ತೆರೆದರು. ಉಜ್ವಲ್ ಕಣ್ಣು ಮುಚ್ಚಿಕೊಂಡ.

“ಒಳಗೇ ಇಡು ಬುಡಪ್ಪ. ರಾತ್ರಿ ಹಿತ್ತಲಿಗೆ ಹೋಗಕ್ಕೆ ನಂಗೇ ಭಯ. ಗರಿ ಬಿದ್ರೆ ಎದೆ ಧಸಕ್ ಅಂತದೆ. ದಿನಾ ಈ ಮಗೀನ ಎಬ್ಬಿಸ್ಕಂಡು ಹೋಯ್ತೀನಿ.”

“ಭಯಾನಾ? ನಿಂಗಾ?” ಅಪ್ಪ ಬಿದ್ದು ಬಿದ್ದು ನಕ್ಕರು. “ಹಾವನ್ನೇ ಪೊರಕೇಲಿ ಗುಡಿಸಿ ಆಚೆ ಹಾಕ್ದೋಳು ಕಣಮ್ಮ ನೀನು!”

“ವಯಸ್ಸಾಯ್ತಲ್ಲ. ಆದ್ರೆ ಕೊಬ್ಬರಿ ಅಟ್ಟದ ಕೆಳಗೆ ಮಾತ್ರ ಬ್ಯಾಡ. ವರ್ಷವೆಲ್ಲ ಮೇಲೆ ಒಣಗೋ ಕಾಯಿಗೂ ಒಂದು ಮರ್ವಾದೆ ಐತೆ.”

ಕರೀಂ ಸಾಬ್ ಉಜ್ವಲ್‌ನ ಬೆನ್ನು ತಟ್ಟಿ, “ಶಾಬಾಶ್! ಅಜ್ಜಿಗೆ ಬಾಡಿಗಾರ್ಡು!” ಎಂದರು. ಕಕ್ಕಸು ಒಳಗೆ ಬಂತು. ಆದರೆ ಉಜ್ವಲ್‌ಗೆ ಗೆದ್ದ ಖುಷಿಯೇ ಆಗಲಿಲ್ಲ.

ಮರುದಿನ ಸ್ಕೂಲಿನಲ್ಲಿ ಅರ್ಮಾನ್ ಕಾದೇ ಕೂತಿದ್ದ. “ಲೇ, ನಿಮ್ಮಜ್ಜಿ ತೆಂಗಿನ ಗರಿಗೆ ಹೆದರ್ತಾರಂತೆ? ತಾತ ಹೇಳಿ ಹೇಳಿ ನಗ್ತಿದ್ರು!”

ಸುಮ್ಮನೆ ತಾನೂ ನಕ್ಕುಬಿಟ್ಟಿದ್ದರೆ ಮುಗಿದುಹೋಗುತ್ತಿತ್ತು. ಉಜ್ವಲ್‌ಗೆ ನಗು ಬರಲಿಲ್ಲ. ಎಲ್ಲರ ನಗುವಿನ ನಡುವೆ ಏನೂ ಆಗದವರಂತೆ ನಿಂತಿದ್ದ ಅಜ್ಜಿ ನೆನಪಾದರು.

“ಅಜ್ಜಿ ಅಲ್ಲ ಕಣ್ಲಾ. ಹೆದರೋದು ನಾನು.”

ಅರ್ಮಾನ್ ಅತ್ತಿತ್ತ ನೋಡಿ ಅವನ ಕಿವಿಯ ಹತ್ತಿರ ಬಂದ. “ನಮ್ಮನೇಲಿ ಒಳಗೇ ಐತೆ. ಆದ್ರೂ ನಾನು ಅಮ್ಮೀನ ಎಬ್ಬಿಸ್ತೀನಿ.”

ಸಂಜೆ ಕರೀಂ ಸಾಬ್ ಸುಣ್ಣದ ಪುಡಿಯಲ್ಲಿ ಗೆರೆ ಹಾಕಲು ಬಂದಾಗ ಮೂಲೆಯ ರೂಮೇ ಇರಲಿಲ್ಲ. ಅದು ಅಜ್ಜಿಯ ಕೋಣೆಗೆ ಅಂಟಿಕೊಂಡು ನಿಂತಿತ್ತು.

“ಮತ್ತೆ ಯಾರಪ್ಪ ಸರಿಸಿದ್ದು?”

ಗೋಡೆ ಮೇಲೆ ಕೂತಿದ್ದ ಅಜ್ಜಿ, “ನಾನೇ...” ಎಂದು ಶುರು ಮಾಡಿದರು.

“ಅಲ್ಲ ಸಾಬ್ರೇ, ನಾನು,” ಎಂದ ಉಜ್ವಲ್. “ರಾತ್ರಿ ಕರೆದ್ರೆ ಅಜ್ಜಿಗೆ ಕೇಳಿಸ್ಬೇಕಲ್ಲ.”