ಒಪ್ಪಿಗೆಯಾದರೆ ಒಂದು ಕಳಿಸಿ

"ಸ್ಟಾಪ್ ಅಂತ ಕಳಿಸಿದ್ದೀರಲ್ಲ, ನಾನೇನು ಬಸ್ಸಾ?"

ಗಡಿಯಾರ ರಿಪೇರಿಯವನ ಕಣ್ಣಿಗೆ ಸಿಕ್ಕಿಸಿದ್ದ ಭೂತಗನ್ನಡಿ ಕಳಚಿ ಕೈಗೆ ಬಿತ್ತು. ಕೌಂಟರಿನ ಆಚೆ ಎದುರಿನ ಕನ್ನಡಕದ ಅಂಗಡಿಯವಳು ಸೊಂಟಕ್ಕೆ ಕೈಯಿಟ್ಟು ನಿಂತಿದ್ದಳು. ಅವಳು ರಸ್ತೆ ದಾಟಿ ಬಂದಾಗಲೆಲ್ಲ, ಎರಡು ವರ್ಷದಿಂದ, ಅವನ ಬಾಯಿಗೆ ಬೀಗ ಬೀಳುತ್ತಿತ್ತು. ಇವತ್ತು ಬೀಗದಕೈಯೂ ಕಳೆದುಹೋಯಿತು.

"ನಾನಾ? ನಿಮಗಾ?"

"ಎರಡು ಸಲ! ಗಡಿಯಾರ ರಿಪೇರಿಗೆ ವಾರ ತಗೊಳ್ತೀರಿ, ಇದಕ್ಕೆ ಅರ್ಧ ನಿಮಿಷ."

ನಿನ್ನೆಯ ಮೆಸೇಜು ತೆರೆದು ಫೋನನ್ನು ಅವನ ಮೂಗಿನ ಕೆಳಗೆ ಹಿಡಿದಳು. 'ನಿಮ್ಮನ್ನು ಇಷ್ಟಪಡುವವರು ಹತ್ತಿರದಲ್ಲೇ ಇದ್ದಾರೆ. ಒಪ್ಪಿಗೆಯಾದರೆ 1, ಇಲ್ಲವಾದರೆ 2 ಕಳಿಸಿ.' ಅದರ ಕೆಳಗೆ, 'ಬೇಗ ಹೇಳಿ, ನಾಳೆಯೇ ಕೊನೆಯ ದಿನ!' ಎರಡಕ್ಕೂ ಅವನ ಉತ್ತರ ಒಂದೇ: ಸ್ಟಾಪ್.

ಅವನು ಹಣೆ ಚಚ್ಚಿಕೊಂಡ. ಹೋದ ತಿಂಗಳು ಹೀಗೇ ಯಾವುದೋ ನಂಬರಿಗೆ 1 ಕಳಿಸಿ 'ದಿನಕ್ಕೊಂದು ಜೋಕ್' ಗಂಟುಬಿದ್ದಿತ್ತು. ನಗು ಬಾರದ ಮೂವತ್ತು ಜೋಕುಗಳು ಬ್ಯಾಲೆನ್ಸೆಲ್ಲ ನುಂಗಿ ನೀರು ಕುಡಿದಿದ್ದವು. "ಗೊತ್ತಿಲ್ಲದ ನಂಬರಿಂದ ಏನೇ ಬರಲಿ, ಕಣ್ಣು ಮುಚ್ಚಿ ಸ್ಟಾಪ್ ಅನ್ನು," ಎಂದು ಅಕ್ಕ ಆಣೆ ಮಾಡಿಸಿಕೊಂಡಿದ್ದಳು.

"ಇದು ಬಂದಿದ್ದು ನಿಮ್ಮ ನಂಬರಿಂದ ಅಲ್ವಲ್ಲ!"

"ಹೊಸದು. ಮೆಸೇಜಿಗೆ ಚಾರ್ಜ್ ಇಲ್ಲದ ಪ್ಲಾನು. ಮೊದಲನೇ ಮೆಸೇಜು ನಿಮಗೇ ಕಳಿಸಿದ್ದು."

"ಹೆಸರಾದ್ರೂ ಹಾಕಬಾರದಿತ್ತಾ?"

"ನಾಚಿಕೆ ಆಯ್ತು ರೀ. ನಿಮಗಂತೂ ಮಾತು ಬರಲ್ಲ. ಒಂದೋ ಎರಡೋ ಒತ್ತಿದ್ರೆ ಮುಗೀತು ಅಂತ ಸುಲಭ ಮಾಡಿಕೊಟ್ಟೆ." ಅವಳ ದನಿ ಇಳಿಯಿತು. "ಬೇರೆ ಊರಿನ ಬ್ರಾಂಚಿಗೆ ಹೋಗು ಅಂತಿದ್ದಾರೆ ನಮ್ಮ ಅಂಗಡಿ ಓನರು. ಇವತ್ತು ಅಂಗಡಿ ಮುಚ್ಚೋದರೊಳಗೆ ಉತ್ತರ ಹೇಳಬೇಕು. ಹೂಂ ಅನ್ನೋಕೇ ಹೊರಟೆ. ಹೋಗೋ ಮುಂಚೆ ನಿಮ್ಮನ್ನ ಬೈದು ಹೋಗೋಣ ಅಂತ ಬಂದೆ."

ಗೋಡೆಯಲ್ಲಿ ಹದಿನಾಲ್ಕು ಗಡಿಯಾರ, ಒಂದೊಂದರದ್ದೂ ಒಂದೊಂದು ಗಂಟೆ. ಅಂಗಡಿ ಮುಚ್ಚಲು ಎಷ್ಟು ಹೊತ್ತಿದೆಯೋ ದೇವರೇ ಬಲ್ಲ. ಅವನು ಬಾಯಿ ತೆರೆದ. ಗಾಳಿ ಬಂತು, ಮಾತು ಬರಲಿಲ್ಲ. ಅವಳು ಜಾರಿದ ಕನ್ನಡಕದ ಮೇಲಿಂದ ಅವನನ್ನೊಮ್ಮೆ ನೋಡಿ ಬಾಗಿಲ ಕಡೆ ತಿರುಗಿದಳು. ಅವನು ಸ್ಪ್ರಿಂಗು, ಸ್ಕ್ರೂಗಳನ್ನೆಲ್ಲ ಚೆಲ್ಲಾಡಿ ಡ್ರಾಯರಿನಲ್ಲಿ ಫೋನ್ ತಡಕಿದ.

ಬಾಗಿಲಿಗೆ ಕೈಯಿಟ್ಟಾಗ ಅವಳ ಫೋನು ಟಿಂಗ್ ಎಂದಿತು. '1'. ಮತ್ತೆ ಟಿಂಗ್. '1'. ಮತ್ತೆ. ಮತ್ತೆ.

"ಸಾಕು ರೀ, ಎದುರಿಗೇ ಇದ್ದೀನಿ! ನಿಮ್ಮ ಪ್ಲಾನಲ್ಲಿ ಒಂದೊಂದಕ್ಕೂ ದುಡ್ಡು ಕಟ್ ಆಗತ್ತೆ."

"ಆಗಲಿ." ಬೀಗ ಕಡೆಗೂ ತೆರೆದಿತ್ತು. "ಇದು ಗೊತ್ತಿದ್ದೇ ಕಟ್ಟೋ ಚಾರ್ಜು. ಹೋಗಬೇಡಿ."

ಅವಳ ಕಿವಿಯ ತುದಿಯವರೆಗೂ ಕೆಂಪೇರಿತು. ಕೌಂಟರಿಗೆ ವಾಪಸ್ಸು ಬಂದು ಕೈ ಚಾಚಿದಳು.

"ಕೊಡಿ ಇಲ್ಲಿ, ಮೊದಲು ನನ್ನ ನಂಬರ್ ಸೇವ್ ಮಾಡ್ತೀನಿ. ನಿಮ್ಮನ್ನ ನಂಬೋ ಹಾಗಿಲ್ಲ."

ಹೆಸರು ಟೈಪ್ ಮಾಡಿ ಮುಗಿಸುವಷ್ಟರಲ್ಲಿ ಅವನ ಫೋನಿಗೊಂದು ಮೆಸೇಜು ಬಂತು. 'ನಿಮ್ಮ ಬಾಳಸಂಗಾತಿ ಯಾರು? ತಿಳಿಯಲು 1 ಕಳಿಸಿ.' ಇಬ್ಬರೂ ತಲೆಗೆ ತಲೆ ತಾಗಿಸಿ ಓದಿದರು. ಅವಳು ತುಟಿ ಕಚ್ಚಿ ನಗು ತಡೆದು, ಹೆಬ್ಬೆರಳಿನಿಂದ ನಿಧಾನವಾಗಿ ಸ್ಟಾಪ್ ಎಂದು ಒತ್ತಿ ಕಳಿಸಿದಳು.