ಅತ್ತೆಯ ಎದೆಯಲ್ಲಿ ಕೂತ ಕಲ್ಲಿನ ದೂಳು

"ಮಗು ಕರ್ಕೊಂಡು ಹೊಸಿಲು ದಾಟಿದ್ರೆ ಮತ್ತೆ ಈ ಮನೆಗೆ ಕಾಲಿಡ್ಬೇಡ!"

ಅತ್ತೆ ಬಾಗಿಲಿಗೆ ಅಡ್ಡ ನಿಂತಿದ್ದರು. ಸೊಸೆ ಒಂದು ಕೈಯಲ್ಲಿ ಚೀಲ, ಇನ್ನೊಂದರಲ್ಲಿ ಆರು ವರ್ಷದ ಮಗಳನ್ನು ಹಿಡಿದು ಚಡಪಡಿಸುತ್ತಿದ್ದಳು. ಮಗುವಿನ ಎದೆ ಸುಂಯ್‌ಗುಡುತ್ತಿತ್ತು... ಮನೆಯ ಕೆಳಗೇ ಸೊಸೆಯ ಗಂಡನ ಕಲ್ಲು ಪಾಲಿಶ್ ಶೆಡ್ಡು. ಅದರೆದುರು ಇಂಜಿನ್ ಆರಿಸದೆ ನಿಂತ ಲಾರಿಗಳು. ಬೆಳಿಗ್ಗೆ ಒರೆಸಿದ ಕಿಟಕಿಯ ಮೇಲೆ ಮಧ್ಯಾಹ್ನದೊಳಗೆ ಬೆರಳಲ್ಲಿ ಅಕ್ಷರ ಬರೆಯಬಹುದಿತ್ತು.

"ದೂಳಂತೆ ದೂಳು! ಮೂವತ್ತು ವರ್ಷದಿಂದ ಆ ಶೆಡ್ ಗುಡಿಸಿದ್ದೀನಿ, ಗುಂಡುಕಲ್ಲಿನ ಹಾಗಿದ್ದೀನಿ. ಬೇರೆ ಮನೆ ಮಾಡೋಕೆ ನಿಂಗೊಂದು ನೆಪ ಬೇಕು!"

ಸೊಸೆ ಮಗಳನ್ನು ಹತ್ತಿರಕ್ಕೆಳೆದುಕೊಂಡಳು. "ಡಾಕ್ಟರ್ ಹತ್ರ ನೀವೂ ಬನ್ನಿ ಅತ್ತೆ. ನೆಪವೋ ನಿಜವೋ ಕಿವಿಯಾರೆ ಕೇಳಿ."

ಅತ್ತೆ ಬಿಟ್ಟಾರೆಯೇ? ಚಪ್ಪಲಿ ಮೆಟ್ಟಿ ಹೊರಟೇಬಿಟ್ಟರು.

ಡಾಕ್ಟರು ಮಗುವಿನಿಂದ ಉಸಿರಿನ ಬಲ ಅಳೆಯುವ, ಮುಳ್ಳಿದ್ದ ಪ್ಲಾಸ್ಟಿಕ್ ಕೊಳವೆಯೊಂದನ್ನು ಊದಿಸಿದರು. ಮುಳ್ಳು ತುಸುವೇ ಸರಿದು ನಿಂತಿತು. "ದೂಳು, ಹೊಗೆ ಎರಡೂ ಸೇರಿ ಉಸಿರಿನ ದಾರಿ ಊದ್ಕೊಂಡಿದೆ. ಬೆಳೆಯೋ ಶ್ವಾಸಕೋಶ. ಈಗಲೇ ಜಾಗ ಬದಲಿಸಿದ್ರೆ ಸುಧಾರಿಸುತ್ತೆ."

"ಮಕ್ಕಳಿಗೆ ಊದೋಕೆ ಬರುತ್ತಾ? ತನ್ನಿ ಇಲ್ಲಿ!" ಅತ್ತೆ ಕೈ ಚಾಚಿದರು.

ಡಾಕ್ಟರು ಬಾಯಿಗಿಡುವ ತುದಿ ಬದಲಿಸಿ ಕೊಟ್ಟರು. ಅತ್ತೆ ಕೆನ್ನೆ ಉಬ್ಬಿಸಿ ಊದಿದರು. ಮಗು ಊದಿದಾಗ ನಿಂತಲ್ಲಿಗೇ ಮುಳ್ಳು ಬಂದು ನಿಂತಿತು! ಮತ್ತೊಮ್ಮೆ... ಮಗದೊಮ್ಮೆ... ಕೊನೆಗೆ ಬಂದದ್ದು ಕೆಮ್ಮು ಮಾತ್ರ.

ಅತ್ತೆಯ ಎದೆಯ ಎಕ್ಸ್‌ರೇ ತೆಗೆಸಿ ನೋಡಿ ಡಾಕ್ಟರು ದನಿ ತಗ್ಗಿಸಿದರು. "ಅಮ್ಮಾ, ಕಲ್ಲಿನ ಪುಡಿ ಎದೆಯಲ್ಲಿ ಕೂತುಬಿಟ್ಟಿದೆ. ಹೋದ ಉಸಿರು ವಾಪಸ್ ಬರಲ್ಲ. ಹೆಚ್ಚಾಗದ ಹಾಗೆ ನೋಡ್ಕೋಬಹುದು, ಅಷ್ಟೇ."

ಮನೆಗೆ ಬಂದವರೇ ಅತ್ತೆ ಶೆಡ್ಡಿಗೆ ನುಗ್ಗಿ ಮಿಷನ್ನಿನ ಸ್ವಿಚ್ ಆರಿಸಿದರು.

"ಅಮ್ಮಾ, ಕೆಲಸ ಅರ್ಧಕ್ಕೆ ನಿಂತಿದೆ!" ಎಂದ ಮಗ.

"ನಿಲ್ಲಲಿ! ದೂಳೇಳದ ಹಾಗೆ ನೀರು ಹರಿಸಿ ಕಲ್ಲು ಉಜ್ಜೋಕಾಗೋವರೆಗೂ ಇದು ತಿರುಗಕೂಡದು. ಮೊದಲು ದೂರ ಎಲ್ಲಾದ್ರೂ ಮನೆ ನೋಡು. ಇವರಿಬ್ಬರನ್ನ ಕರ್ಕೊಂಡು ಹೋಗು."

"ನೀನು?"

"ನನ್ನದು ಆಗಿಹೋಯ್ತಲ್ಲೋ..."

"ಹಾಗಂತ ಬಿಟ್ಟು ಹೋಗೋಕೆ ನಾವೇನು ಕಲ್ಲಾ?" ಸೊಸೆ ಸಿಡಿದಳು. "ನೀವು ಬರದೆ ನಾನು ಕದಲಲ್ಲ. ಬೈಯೋದಿದ್ರೆ ಅಲ್ಲೇ ಬೈಯಿರಿ!"

ಅತ್ತೆ ಬಾಯಿ ತೆರೆದರು. ಬೈಗುಳ ಬರಲಿಲ್ಲ, ಬಿಕ್ಕು ಬಂತು. ಸೊಸೆಯ ಹೆಗಲ ಮೇಲೆ ಹಣೆಯಿಟ್ಟು ಗಳಗಳನೆ ಅತ್ತರು.

ಹದಿನೈದು ದಿನದಲ್ಲಿ ಮನೆ ಬದಲಾಯಿತು. ಅತ್ತೆಯ ಉಸಿರು ಬದಲಾಗಲಿಲ್ಲ. ಹತ್ತು ಹೆಜ್ಜೆಗೊಮ್ಮೆ ನಿಲ್ಲುತ್ತಿದ್ದರು. ಸೊಸೆಯೂ ಏನೋ ನೋಡುವವಳಂತೆ ಜೊತೆಗೆ ನಿಲ್ಲುತ್ತಿದ್ದಳು. ತಿಂಗಳುಗಳು ಕಳೆದವು. ಒಂದು ಬೆಳಿಗ್ಗೆ ಓಣಿಯಲ್ಲಿ ಮೊಮ್ಮಗಳು ಕೈ ಬಿಡಿಸಿಕೊಂಡು, ಎದೆ ಸುಂಯ್‌ಗುಡದೆ, ಒಂದೇ ಸಮನೆ ಓಡಿದಳು. "ಓಡಬೇಡ್ವೇ!" ಎನ್ನಹೋದ ಅತ್ತೆ ಮಾತು ನುಂಗಿಕೊಂಡರು. ಗೋಡೆಗೆ ಕೈಯಾನಿಸಿ, ಅವಳು ತಿರುವಿನಲ್ಲಿ ಮರೆಯಾಗುವವರೆಗೂ ನೋಡುತ್ತ ನಿಂತರು.